ಕೈ ಕಟ್ಟಿ ಕೂತ ಬೀಗತಿ

ನಮ್ಮ ಬೀಗತಿಯನ್ನು ನಾಳೆ ಸ್ವರ್ಗಕ್ಕೆ ಕರೆದುಕೊಂಡು ಹೋದರೂ ಆಕೆ ಮೊದಲು ಮಾಡುವ ಕೆಲಸ ಇದು: ದೇವತೆಗಳು ಹಾಸಿಟ್ಟ ಹಾಸಿಗೆಯನ್ನು ಕೊಡವಿ, ಇನ್ನೊಮ್ಮೆ ಹಾಸುವುದು! ಇದು ಹೆಚ್ಚಾಯಿತು ಅಂತ ಅನ್ನಿಸಿದರೆ ನೀವು ಆಕೆಯನ್ನು ನೋಡಿಲ್ಲ ಅಂತ ಅರ್ಥ. ನೋಡಿದ್ದರೆ ಈಗ ನೀವು ಕೂತಿರುವ ಕುರ್ಚಿಯನ್ನು ಆಕೆ ನಾಲ್ಕು ಬೆರಳು ಅತ್ತ ಸರಿಸಿರುತ್ತಿದ್ದಳು, ನೀವು ಕೂತಿರುವಾಗಲೇ.

ಬೀಗತಿ ಅಂದರೆ ನನ್ನ ಸೊಸೆಯ ತಾಯಿ. ಊರು ಲಿಂಗಸುಗೂರು, ವಯಸ್ಸು ಐವತ್ತು ದಾಟಿದೆ. ಎದುರಿಗೆ ಇದ್ದಾಗ ಮಾತಿಗೊಂದು 'ರೀ' ಹಚ್ಚುತ್ತೇನೆ. ಬರೆಯುವಾಗಲೂ ಹಚ್ಚುತ್ತಾ ಕೂತರೆ ಮೂರನೇ ಇಯತ್ತೆ ಕಲಿತ ನನ್ನ ಅಕ್ಷರಗಳು ಅದಕ್ಕೇ ಖರ್ಚಾಗಿ ಹೋಗುತ್ತವೆ. ಇಲ್ಲಿ 'ಆಕೆ' ಅಂತಲೇ ಇರಲಿ.

ಆಕೆಗಿರುವುದು ಒಂದೇ ರೋಗ. ಬೇರೆಯವರು ಮಾಡಿದ ಕೆಲಸವನ್ನು ಮತ್ತೊಮ್ಮೆ ಮಾಡುವುದು. ಬಯ್ಯುವುದಿಲ್ಲ, ಮುಖ ಗಂಟು ಹಾಕುವುದಿಲ್ಲ. ನೀವು ಅಂಗಳ ಗುಡಿಸಿ ಕಸಬರಿಗೆ ಮೂಲೆಗಿಟ್ಟು ತಿರುಗುವಷ್ಟರಲ್ಲಿ ಆಕೆ ಅದೇ ಕಸಬರಿಗೆಯಿಂದ ಅದೇ ಅಂಗಳ ಗುಡಿಸುತ್ತಿರುತ್ತಾಳೆ. ಬಯ್ದರೆ ತಿರುಗಿ ಬಯ್ಯಬಹುದು. ಗುಡಿಸಿದರೆ ಏನು ಮಾಡುತ್ತೀರಿ?

ಇಂಥಾಕೆ ಹೋದ ವರ್ಷ ಒಂದು ಭಾನುವಾರ ಸಿಂಧನೂರಿನ ನಮ್ಮ ಮನೆಗೆ ಹೆಗಲಿಗೆ ಹೊಸ ಚೀಲ ಹಾಕಿಕೊಂಡು ಬಂದಳು.

"ಬೀಗರ, ನಾ ಕಲಿಯಾಕ ಹೊಂಟೀನಿ."

"ಏನ್ ಕಲೀತೀರಿ? ಹೊಲಿಗೀನಾ?"

"ಅಲ್ರೀ. ನಾಯಕತ್ವ. ತಂಡ ಕಟ್ಟಿ ಕೆಲಸಾ ಮಾಡಿಸೂದು. ಇಲ್ಲೇ ಸಿಂಧನೂರಾಗ ಐತಾರಕ್ಕೊಮ್ಮಿ ಕ್ಲಾಸ್ ಐತಿ. ಇದರಾಗ ಪಾಸಾದ್ರ ಮ್ಯಾನೇಜ್‌ಮೆಂಟ್ ಡಿಗ್ರಿಗೆ ಸೀಟು ಕೊಡ್ತಾರಂತ."

ನಾನು ನಗಲಿಲ್ಲ. ಬೀಗತಿಯ ಎದುರು ನಗಬಾರದು. ಒಳಗೆ ಹೋಗಿ, ನೀರಿನ ಕೊಡಗಳ ಹತ್ತಿರ ನಿಂತು, ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಹೊರಗೆ ಬಂದಾಗ ಆಕೆ ಇನ್ನೂ ಹೇಳುತ್ತಲೇ ಇದ್ದಳು.

ಲಿಂಗಸುಗೂರಿನಲ್ಲಿ ಆಕೆ ತನ್ನ ಓಣಿಯ ಹೆಣ್ಣುಮಕ್ಕಳನ್ನು ಕೂಡಿಸಿ ಖಡಕ್ ರೊಟ್ಟಿ ಮಾಡಿ ಮಾರುವ ಗುಂಪು ಕಟ್ಟಿದ್ದಳು. ಚೆನ್ನಾಗಿಯೇ ನಡೆದಿತ್ತು. ಒಂದು ದಿನ ಬೆಳಿಗ್ಗೆ ಒಲೆ ಹಚ್ಚಿಕೊಂಡು ಕೂತರೆ ಯಾರೂ ಬರಲಿಲ್ಲ. ಮರುದಿನವೂ ಬರಲಿಲ್ಲ. ಒಬ್ಬಳಿಗೆ ಸೊಂಟ ನೋವು, ಒಬ್ಬಳ ಮನೆಗೆ ನೆಂಟರು, ಇನ್ನೊಬ್ಬಳಿಗೆ ಸುಮ್ಮನೆ ಬೇಸರ. ಜಗಳವಿಲ್ಲ, ಮಾತಿಲ್ಲ, ಗುಂಪೂ ಇಲ್ಲ.

"ಯಾಕ ಬಿಟ್ಟು ಹೋದ್ರು ಅಂತ ತಿಳೀವಲ್ದು ನೋಡ್ರಿ. ಪುಸ್ತಕದಾಗರ ಇರತೈತೇನೋ ಅಂತ ಹೊಂಟೀನಿ. ಕಲತು ಬಂದು ಮತ್ತ ಕಟ್ತೀನಿ."

ಯಾಕೆ ಬಿಟ್ಟು ಹೋದರು ಅಂತ ನನಗೆ ಆಗಲೇ ಗೊತ್ತಾಯಿತು. ಇಷ್ಟು ಹೇಳುವಷ್ಟರಲ್ಲಿ ಆಕೆ ನಾನು ಮಡಚಿಟ್ಟಿದ್ದ ಸೀರೆಗಳನ್ನೆಲ್ಲ ಬಿಚ್ಚಿ ಮತ್ತೆ ಮಡಚಿ ಮುಗಿಸಿದ್ದಳು! ಬಡಿದ ರೊಟ್ಟಿಯನ್ನು ಕೈಯಿಂದ ಕಸಿದು, ಮತ್ತೆ ಮುದ್ದೆ ಮಾಡಿ ತಾನೇ ಬಡಿದರೆ ಯಾವ ಹೆಂಗಸು ಎಷ್ಟು ದಿನ ಸಹಿಸಿಯಾಳು? ಆದರೆ ಹೇಳುವುದು ಹೇಗೆ? ನಮ್ಮ ಕಡೆ ಬೀಗರಿಗೆ ಸಿಹಿ ಬಡಿಸಬಹುದು, ತಪ್ಪು ತೋರಿಸುವಂತಿಲ್ಲ.

ಆ ಸಿಹಿಯದೂ ಒಂದು ಕಥೆ. ಬೀಗರು ಮನೆಗೆ ಬಂದರೆ ಬರೀ ಅನ್ನ ಸಾರು ಹಾಕಿ ಕಳಿಸಲು ಆಗುತ್ತದೆಯೇ? ಮೊದಲ ವಾರ ಹೋಳಿಗೆ ಮಾಡಿದೆ. ಆಮೇಲೆ ಕರಿಗಡಬು. ಆಮೇಲೆ ಹುಗ್ಗಿ. ವಾರ ವಾರ ಬರುವ ಬೀಗರಿಗೆ ಏನು ಮಾಡಬೇಕು ಅಂತ ಹಿರಿಯರು ಹೇಳಿ ಹೋಗಿಲ್ಲ. ಅಂಥ ಬೀಗರನ್ನು ಅವರು ನೋಡಿರಲಿಲ್ಲ. ಆಕೆ ನಾಯಕತ್ವ ಕಲಿತಳೋ ಇಲ್ಲವೋ, ನನ್ನ ಮಗನ ಹೊಟ್ಟೆಯಂತೂ ಅಂಗಿಯ ಗುಂಡಿ ಹರಿಯುವ ಹಾಗೆ ಮುಂದೆ ಬಂತು.

ಲಿಂಗಸುಗೂರಿನಿಂದ ಬರುವ ಬಸ್ಸು ಮಸ್ಕಿಯಲ್ಲಿ ನಿಲ್ಲುತ್ತದೆ. ಒಂದು ಭಾನುವಾರ ಆಕೆಯನ್ನು ಕರೆತರಲು ಬಸ್ ಸ್ಟ್ಯಾಂಡಿಗೆ ಹೋದ ನನ್ನ ಮಗ ಅಲ್ಲಿಂದಲೇ ಫೋನ್ ಮಾಡಿದ.

"ಯವ್ವಾ, ಅತ್ತಿ ಬಂದಿಲ್ಲ. ಅತ್ತಿ ಚೀಲ ಬಂದೈತಿ!"

ಆಗಿದ್ದು ಇಷ್ಟೇ. ಮಸ್ಕಿಯಲ್ಲಿ ಕಿಟಕಿಯಿಂದ ನೋಡಿದರೆ ಪೇರಲ ಹಣ್ಣು ಮಾರುವವನು ಹಣ್ಣನ್ನು ಹೇಗೆ ಬೇಕೋ ಹಾಗೆ ಗುಡ್ಡೆ ಹಾಕಿದ್ದನಂತೆ. ಈಕೆ ಇಳಿದು, ದೊಡ್ಡವು ಕೆಳಗೆ, ಸಣ್ಣವು ಮೇಲೆ, ದೇವಸ್ಥಾನದ ಗೋಪುರದ ಹಾಗೆ ಒಟ್ಟಿ ಕೊಟ್ಟಳು. ಬಸ್ಸು ಹೋಯಿತು. ನಾಯಕತ್ವದ ಪುಸ್ತಕ ಮುಂದೆ ಬಂತು, ನಾಯಕಿ ಹಿಂದೆ ಬಂದ ಬಸ್ಸಿಗೆ ಬಂದಳು.

"ಅಂವಾ ಸಿಟ್ಟಾಗಲಿಲ್ಲೇನ್ರೀ?" ಅಂತ ಕೇಳಿದೆ.

"ಮಾರಿ ಮ್ಯಾಲ ಏನೂ ಅನ್ನಲಿಲ್ರಿ. ಬಸ್ ಹತ್ತಿ ತಿರುಗಿ ನೋಡ್ತೀನಿ, ಎಲ್ಲಾ ಕೆಡವಿ ಮತ್ತ ಮೊದಲಿನಂಗ ಒಟ್ಟಾಕತ್ಯಾನ! ಬ್ಯಾರೇದವ್ರು ಮಾಡಿದ್ದು ಕೆಡಸ್ತಾರಲ್ರೀ, ಎಂಥಾ ಮಂದಿ!"

ನಾನು ಮತ್ತೆ ನೀರಿನ ಕೊಡಗಳ ಹತ್ತಿರ ಹೋದೆ.

ಕ್ಲಾಸಿನಲ್ಲಿ ಆಕೆಯ ತಂಡದವರೆಲ್ಲ ಅಕ್ಕಿ ಗಿರಣಿಯ ಆಫೀಸು, ಮೊಬೈಲ್ ಅಂಗಡಿಗಳಲ್ಲಿ ಕೆಲಸ ಮಾಡುವ ಹುಡುಗ ಹುಡುಗಿಯರು. ಎಲ್ಲರೂ ಕೂಡಿ ದೊಡ್ಡ ಹಾಳೆಯ ಮೇಲೆ ಒಂದು ದೋಣಿ ಬರೆಯಬೇಕು, ಹುಟ್ಟು ಹಾಕುವವರಲ್ಲಿ ಒಬ್ಬೊಬ್ಬರನ್ನು ತಂಡದ ಒಬ್ಬೊಬ್ಬರು ಬರೆಯಬೇಕು, ಅದಕ್ಕೆ ಅಂಕ. ಬರೆದರು. ಮುಂದಿನ ವಾರದ ತನಕ ಜೋಪಾನವಾಗಿ ಇಟ್ಟುಕೊಳ್ಳಲು ಹಿರಿಯಳು ಅಂತ ಈಕೆಯ ಕೈಗೆ ಕೊಟ್ಟರು! ಬೆಕ್ಕಿನ ಕೈಗೆ ಹಾಲಿನ ಗಡಿಗೆ ಕೊಟ್ಟಿದ್ದರೆ ಅರ್ಧವಾದರೂ ಉಳಿಯುತ್ತಿತ್ತು. ಹೊಸ ಹಾಳೆ ತಂದು ಇಡೀ ದೋಣಿಯನ್ನು ತಾನೇ ಬರೆದಳು. ಎಲ್ಲರಿಗೂ ಒಂದೇ ಮೂಗು, ಒಂದೇ ಅಗಲ ಹಣೆ. ದೋಣಿ ತುಂಬ ನಮ್ಮ ಬೀಗತಿಯೇ ಕೂತು ಹುಟ್ಟು ಹಾಕುತ್ತಿದ್ದಳು!

ಕಲಿಸುವ ಮೇಡಂ ನೋಡಿ, "ಚಿತ್ರ ಭಾಳ ಚಂದ ಐತ್ರಿ. ತಂಡ ಎಲ್ಲೈತಿ?" ಅಂದು ಸೊನ್ನೆ ಕೊಟ್ಟಳು. ಹುಡುಗರು ಬೇರೆ ತಂಡ ಮಾಡಿಕೊಂಡರು. ಜಗಳವಿಲ್ಲ, ಮಾತಿಲ್ಲ.

ಆ ದಿನ ಆಕೆ ಹುಗ್ಗಿ ಮುಟ್ಟಲಿಲ್ಲ. ಮೇಡಂ ಒಂದೇ ದಾರಿ ಉಳಿಸಿದ್ದಳು: ತನ್ನದೇ ಕಸುಬಿನ ಒಂದು ಕೆಲಸವನ್ನು ತಂಡ ಕಟ್ಟಿ ಮಾಡಿಸಬೇಕು, ಮೇಡಂ ಬಂದು ಕೂತು ನೋಡುತ್ತಾಳೆ. ಷರತ್ತು ಏನೆಂದರೆ ಬೀಗತಿ ಬಾಯಿಂದ ಹೇಳಬಹುದು, ಕೈ ಹಚ್ಚುವಂತಿಲ್ಲ. ಇದರಲ್ಲಿ ಹೋದರೆ ಡಿಗ್ರಿ ಸೀಟೂ ಹೋಯಿತು.

ಲಿಂಗಸುಗೂರಿನ ಹಳೆಯ ಗುಂಪಿನವರ ಮನೆ ಮನೆಗೆ ಹೋಗಿ ಕರೆದಳು. ಎಲ್ಲರೂ ಚಹಾ ಕೊಟ್ಟರು, ಯಾರೂ ಬರಲಿಲ್ಲ. ಕೊನೆಗೆ ತಂಡ ಅಂತ ಸಿಕ್ಕಿದ್ದು ನಾನು, ನನ್ನ ಸೊಸೆ ಮತ್ತು ಓಣಿಗೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಆಗಿರುವ ಪಕ್ಕದ ಮನೆಯ ಮುಸಲ್ಮಾನರ ಹೆಂಗಸು. ಕೆಲಸ, ಜೋಳದ ರೊಟ್ಟಿ. ಜಾಗ, ನನ್ನ ಅಡುಗೆಮನೆ. ನನ್ನ ಮನೆಯಲ್ಲಿ ಬೀಗತಿ ಮಣೆ ಹಾಕಿ ಕೂತು ನನಗೇ ಕೆಲಸ ಹೇಳುವುದು! ಇದನ್ನು ನೋಡಲು ನಮ್ಮ ಅತ್ತೆ ಬದುಕಿರಬೇಕಿತ್ತು.

ಅತ್ತೆಯ ಮಾತು ಬಂತು ಅಂತ ಹೇಳುತ್ತೇನೆ, ನನ್ನ ರೊಟ್ಟಿ ಜನ್ಮದಲ್ಲಿ ದುಂಡಗೆ ಬಂದಿಲ್ಲ. "ಇದೇನವಾ, ರೊಟ್ಟಿಯೋ ಎಮ್ಮಿ ಕಿವಿಯೋ?" ಅಂತ ಅವರು ಸಾಯುವ ತನಕ ಕೇಳುತ್ತಿದ್ದರು.

ಆ ದಿನ ಮೇಡಂ ಪೆನ್ನು ಹಿಡಿದು ಮೂಲೆಯಲ್ಲಿ ಕೂತಳು. ಖಾಲಾ ಹಂಚಿನ ಮುಂದೆ, ಸೊಸೆ ಹಿಟ್ಟು ನಾದಲು, ನಾನು ಬಡಿಯಲು. ನಾನು ಪಟಪಟ ಬಡಿದ ಹಾಗೆಲ್ಲ ಬೀಗತಿಯ ಬೆರಳುಗಳು ತನ್ನ ತೊಡೆಯ ಮೇಲೆ ತಾವೂ ಬಡಿಯುತ್ತಿದ್ದವು. ಕೈ ಕಟ್ಟಿದಳು. ಬಿಚ್ಚಿಕೊಂಡವು. ಕೊನೆಗೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿ ಅವುಗಳ ಮೇಲೆಯೇ ಕೂತಳು.

"ಅರೇ ಬೀಗಮ್ಮಾ, ಚಳಿ ಆಗ್ತೈತೇನು?" ಅಂದಳು ಖಾಲಾ.

ಅಷ್ಟರಲ್ಲಿ ನನ್ನ ರೊಟ್ಟಿ ಎತ್ತುವಾಗ ಹರಿಯಿತು. ಇನ್ನೊಂದು ಬಡಿದೆ, ಅದೂ ಹರಿಯಿತು. ಮೇಡಂ ಪೆನ್ನು ನಿಲ್ಲಿಸಿ ನೋಡಿದಳು. ಬೀಗತಿ ಅರ್ಧ ಎದ್ದೇಬಿಟ್ಟಳು.

"ಯವ್ವಾ, ಕುಂದ್ರಬೇ!" ಅಂತ ನನ್ನ ಸೊಸೆ ಹಲ್ಲು ಕಚ್ಚಿ ಅಂದಳು.

ಕೂತಳು. ಆಮೇಲೆ ಆಕೆಯ ಬಾಯಿಂದ ನಾನು ಯಾವತ್ತೂ ಕೇಳದ ಮಾತು ಬಂತು.

"ಬೀಗರ, ಯಾಕ ಹರ್ಯಾಕತ್ತೈತಿ? ನಿಮಗೇನ್ ಅನಸ್ತೈತಿ?"

ಗಾಬರಿಯಾಯಿತು ನನಗೆ. ನನ್ನ ರೊಟ್ಟಿಯ ಬಗ್ಗೆ ನನ್ನನ್ನು ಇದುವರೆಗೆ ಯಾರೂ ಕೇಳಿದ್ದಿಲ್ಲ. "ನೀರು ಆರಿತ್ತು ಅನಸ್ತೈತ್ರಿ. ಹಿಟ್ಟಿಗೆ ಜಿಗಿ ಬಂದಿಲ್ಲ. ಬಿಸಿನೀರು ಹಾಕಿ ಮತ್ತ ನಾದಬೇಕು. ಮತ್ತ ಖರೇ ಹೇಳ್ಬೇಕಂದ್ರ, ಬಡಿಯಾಕ ನನಗಿಂತ ಖಾಲಾ ವಾಸಿ."

"ಹಂಗಾರ ಖಾಲಾ ಬಡೀಲಿ. ಹಂಚು ನೀವು ನೋಡ್ಕೋರಿ. ಏ ಮಗಳ, ನೀರು ಕಾಯಾಕಿಡು."

ಆಮೇಲೆ ರೊಟ್ಟಿಗಳು ಹಂಚಿನ ಮೇಲೆ ಪೂರಿಯಂತೆ ಉಬ್ಬಿದವು, ಸುಳ್ಳು ಹೇಳುವುದಿಲ್ಲ. ಮುಗಿದ ಮೇಲೆ ಮೇಡಂ ನನ್ನ ಹರಿದ ರೊಟ್ಟಿಯನ್ನು ಎತ್ತಿ ಹಿಡಿದು, "ನಿಮಗ ಇದೇ ಕಸುಬಲ್ರೀ, ಎದ್ದು ಒಂದು ನಿಮಿಷದಾಗ ಸರಿ ಮಾಡಬೇಕು ಅನಸಲಿಲ್ಲೇನು?" ಅಂತ ಕೇಳಿದಳು.

"ಅನಸ್ತ್ರೀ," ಅಂದಳು ಬೀಗತಿ. ಕೈಗಳು ಇನ್ನೂ ತೊಡೆಯ ಕೆಳಗೇ ಇದ್ದವು. "ಹಂಗ ಮಾಡಿ ಮಾಡಿನ ಲಿಂಗಸುಗೂರಾಗ ನಾ ಒಬ್ಬಾಕೀನ ಉಳದೀನಿ."

ಖಾಲಾ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಏನ್ ಹೊಗಿ ಮಾ ಇದು!" ಅಂದಳು. ನಮ್ಮದು ಗ್ಯಾಸಿನ ಒಲೆ!

ಪಾಸಾದಳು. ಡಿಗ್ರಿಗೆ ಸೀಟೂ ಸಿಕ್ಕಿತು. ಆ ಕ್ಲಾಸೂ ಭಾನುವಾರವೇ, ಸಿಂಧನೂರಿನಲ್ಲೇ. ನನ್ನ ಬೆಲ್ಲದ ಡಬ್ಬಿಗೆ ಬಿಡುಗಡೆ ಇಲ್ಲ. ಹಳೆಯ ಗುಂಪಿನ ಒಬ್ಬಳು ಮರಳಿ ಬಂದಿದ್ದಾಳಂತೆ. ಆ ಹೆಂಗಸಿನ ರೊಟ್ಟಿ ನನ್ನವಕ್ಕಿಂತ ಸೊಟ್ಟವಂತೆ, ಆದರೂ ಬೀಗತಿ ಮುಟ್ಟುವುದಿಲ್ಲವಂತೆ.

ಮುಟ್ಟುವುದಿಲ್ಲ ಅನ್ನುವುದು ಖರೆ. ನನ್ನ ಮನೆಯಲ್ಲೂ ಈಗ ಏನನ್ನೂ ಮುಟ್ಟುವುದಿಲ್ಲ. ಗುಡಿಸಿದ ಅಂಗಳ ಗುಡಿಸಿದ ಹಾಗೇ ಇರುತ್ತದೆ. ಬಂದು, ಕೈಗಳನ್ನು ಉಡಿಯಲ್ಲಿ ಇಟ್ಟುಕೊಂಡು, ಫೋಟೋ ತೆಗೆಸಲು ಬಂದವಳಂತೆ ಕೂರುತ್ತಾಳೆ. ನನಗೆ ಎಷ್ಟು ಆರಾಮ ಅನ್ನಿಸಬೇಕಿತ್ತು! ಅನ್ನಿಸಲಿಲ್ಲ. ಎರಡು ವಾರ ನೋಡಿದೆ. ಮೂರನೇ ವಾರ, ಒಣಗಿದ ಸೀರೆಯೊಂದನ್ನು ತಂದು ಆಕೆಯ ಉಡಿಯಲ್ಲಿ ಹಾಕಿದೆ.

"ತಗೋರಿ. ನನ್ನ ಕೈಯಾಗ ಅಂಚಿಗಂಚು ಕೂಡವಲ್ದು. ಮಡಚಿ ಕೊಡ್ರಿ."

"ಮಡಚಲೇನ್ರೀ?" ಅಂದಳು. ಬೆರಳುಗಳು ಆಗಲೇ ಅಂಚು ಹುಡುಕುತ್ತಿದ್ದವು.

"ನಾನ ಕೇಳಾಕತ್ತೀನಲ್ರೀ."

ಆಕೆ ಎದ್ದು ನಿಂತು, ಸೀರೆ ಕೊಡವಿ, ಒಂದು ತುದಿಯನ್ನು ನನ್ನ ಕೈಗೆ ಕೊಟ್ಟಳು. "ಆ ಕಡೆ ನೀವು ಹಿಡೀರಿ ಬೀಗರ."

ಇಬ್ಬರೂ ಹಿಂದೆ ಹಿಂದೆ ಸರಿದು ಜಗ್ಗಿದೆವು, ಮುಂದೆ ಬಂದು ಕೂಡಿಸಿದೆವು. ನನ್ನ ಕಡೆಯ ಮಡಿಕೆ ಸೊಟ್ಟ ಬಂತು. ಆಕೆಯೂ ನೋಡಿದಳು, ನಾನೂ ನೋಡಿದೆ. ಹಾಗೇ ತೆಗೆದು ಟ್ರಂಕಿನಲ್ಲಿ ಇಟ್ಟೆ.