ಹೊಳೆವ್ವನ ಬುಟ್ಟಿಯಲ್ಲಿ ಊರು ಕಂಡ ನಕಾಶೆಗೆ

ಮಾನ್ಯರೇ,

ಬಹುವರ್ಣಶೋಭಿತರೂ, ಗೋಡೆಯ ಮೊಳೆಗೆ ನೇತುಬಿದ್ದರೂ ಗಾಂಭೀರ್ಯ ಬಿಡದವರೂ ಆದ ನಮ್ಮೂರ ನಕಾಶೆಯವರ ಸನ್ನಿಧಾನಕ್ಕೆ ಬನಹಟ್ಟಿಯ ನೇಕಾರ ಓಣಿಯ ಜಿನ್ನಪ್ಪ ಮಾಡುವ ನಮಸ್ಕಾರಗಳು, ವಿತ್ ಡ್ಯೂ ರಿಸ್ಪೆಕ್ಟ್.

ಮತ್ತು ಅದಕ್ಕೇ ನಾನು ಹೇಳುತ್ತಿದ್ದದ್ದು, ಓಣಿಯ ನಲ್ಲಿ ಕೀಳುವ ಮೊದಲು ಓಣಿಯಲ್ಲಿ ಜನ ಇದ್ದಾರೋ ಇಲ್ಲವೋ ಎಂದು ತಾವು ಒಮ್ಮೆ ಇಣುಕಿ ನೋಡಬೇಕಿತ್ತು. ನಿನ್ನೆಯ ನೀರಿನ ಸಭೆಯಲ್ಲಿ ನಾನು ಎದ್ದುನಿಂತು ಇಷ್ಟು ಹೇಳುವಷ್ಟರಲ್ಲಿ ಚಹಾ ಬಂತು, ಚಹಾ ಬಂದ ಮೇಲೆ ಯಾವ ಸಭೆಯೂ ಮುಂದುವರಿದದ್ದನ್ನು ನಾನು ನೋಡಿಲ್ಲ. ಹೀಗಾಗಿ ಉಳಿದ ಮಾತನ್ನು ಕಾಗದದ ಮೇಲೆ ಹಾಕಿ ಎಲ್ಲರೂ ಓದುವಂತೆ ಬಹಿರಂಗವಾಗಿ ಅರ್ಪಿಸುತ್ತಿದ್ದೇನೆ.

ಮೊದಲು ತಮ್ಮ ಪೂರ್ವಾಶ್ರಮದ ಕೀರ್ತಿಯನ್ನು ನೆನೆಯುವುದು ನನ್ನ ಕರ್ತವ್ಯ. ತಾವು ಹುಟ್ಟಿದ್ದು ಕಡಲ ದಂಡೆಯ ಒಂದು ಶಹರದಲ್ಲಿ ಎಂದು ತಮ್ಮ ಪರವಾಗಿ ಮಾತಾಡಿದ ಉಜ್ವಲಾ ಎಂಬ ಸಂಶೋಧಕಿ ತಿಳಿಸಿದರು. ಈಕೆ ನಮ್ಮ ತೇರದಾಳದ ಕಡೆಯ ಹುಡುಗಿ, ಓದಿದ್ದು ಮಾತ್ರ ಸಮುದ್ರದ ಪಕ್ಕ. ಅಲ್ಲಿನ ಜನ ಎಲ್ಲಿ ಮಲಗುತ್ತಾರೆ, ಎಲ್ಲಿ ದುಡಿಯುತ್ತಾರೆ, ಎಲ್ಲಿ ಸುಮ್ಮನೆ ನಿಂತಿರುತ್ತಾರೆ ಎಂಬುದನ್ನು ಅವರವರ ಮೊಬೈಲು ಇರುವ ಜಾಗದಿಂದಲೇ ಪತ್ತೆ ಹಚ್ಚಿ ನಕಾಶೆಯ ಮೇಲೆ ಬಣ್ಣ ತುಂಬಿದರಂತೆ. ಮೀನು ಮಾರುವ ಹೆಂಗಸರು ಹಗಲೆಲ್ಲ ಕೂಡುವ ಜಾಗ ಕೆಂಪಗೆ ಎದ್ದು ಕಂಡು, ಅಲ್ಲಿ ಒಂದು ನೆರಳೂ ಇಲ್ಲವೆಂಬುದು ತಿಳಿದು, ತಗಡಿನ ಮಾಡು ಎದ್ದಿತಂತೆ. ಅದನ್ನು ಕೇಳಿ ನಾನೂ ಚಪ್ಪಾಳೆ ತಟ್ಟಿದೆ. ಖರೆ ಹೇಳುತ್ತೇನೆ, ಜಮಖಂಡಿಯ ಕಾಲೇಜಿನಲ್ಲಿ ಹ್ಯೂಮನ್ ಜಾಗ್ರಫಿ ಓದಿದಾಗ ಆ ಶಾಸ್ತ್ರದಿಂದ ಯಾರಿಗಾದರೂ ನೆರಳು ಸಿಗುತ್ತದೆ ಎಂದು ನಮ್ಮ ಪ್ರೊಫೆಸರರೂ ಹೇಳಿರಲಿಲ್ಲ. ಡೆನ್ಸಿಟಿ ಎಂಬ ಪದ ನನಗಿನ್ನೂ ನೆನಪಿದೆ, ಅದರ ಫಾರ್ಮುಲಾ ಮಾತ್ರ ಭಾಗಾಕಾರವೋ ಗುಣಾಕಾರವೋ ಎಂಬಲ್ಲಿಗೆ ನಿಂತಿದೆ.

ಅದೇ ವಿದ್ಯೆಯನ್ನು ತಾವು ನಮ್ಮ ಊರಿಗೂ ತಂದಿರಿ. ನೀರು ಬರುವುದು ಹೊತ್ತು ಇಳಿಯುವಾಗ, ಆದ್ದರಿಂದ ಆ ವೇಳೆಗೆ ಜನ ಎಲ್ಲಿರುತ್ತಾರೋ ಅಲ್ಲೇ ನಲ್ಲಿ ಇರಬೇಕು ಎಂಬ ತಮ್ಮ ತರ್ಕಕ್ಕೆ ನಾನು ತಲೆಬಾಗುತ್ತೇನೆ. "ಎಲ್ಲಿ ಮೊಬೈಲ್ ಐತಿ, ಅಲ್ಲಿ ಮನುಷ್ಯಾ ಅದಾನ್ರೀ ಕಾಕಾ. ಈಗಿನ ಕಾಲಕ್ಕ ಫೋನ್ ಬಿಟ್ಟು ಯಾಂವ ಇರ್ತಾನ?" ಎಂದು ಉಜ್ವಲಾ ನನ್ನನ್ನೇ ಕೇಳಿದರು. ಉತ್ತರ ಉದ್ದ ಇತ್ತು, ಚಹಾ ಆರುತ್ತಿತ್ತು, ನಾನು ಚಹಾ ಕುಡಿದೆ.

ಉತ್ತರ ಹೀಗಿದೆ. ನಮ್ಮ ಓಣಿಯ ಮನೆ ಮನೆಯಲ್ಲೂ ಮಗ್ಗ ಇದೆ, ಕರೆಂಟಿನ ಮಗ್ಗ. ಅದು ಓಡುವಾಗ ಗಂಡ ಹೆಂಡತಿ ಕೈಸನ್ನೆಯಲ್ಲೇ ಜಗಳಾಡುತ್ತಾರೆ. ಅಲ್ಲಿ ಫೋನಿನ ಗಂಟೆ ಕೇಳುವುದಿಲ್ಲ, ಕಿಸೆಯಲ್ಲಿ ನಡುಗಿದರೂ ತಿಳಿಯುವುದಿಲ್ಲ, ಗೋಡೆಯೇ ನಡುಗುತ್ತಿರುವಾಗ ಕಿಸೆಯದೇನು ಹೆಚ್ಚುಗಾರಿಕೆ? ಆದ್ದರಿಂದ ನಮ್ಮವರೆಲ್ಲ ಮಗ್ಗಕ್ಕೆ ಕೂಡುವ ಮುನ್ನ ತಮ್ಮ ತಮ್ಮ ಫೋನುಗಳನ್ನು ದೊಡ್ಡ ರಸ್ತೆಯ ಆಚೆಗಿರುವ ಹೊಳೆವ್ವನ ಚಹಾದಂಗಡಿಯ ಬುಟ್ಟಿಯಲ್ಲಿ ಇಟ್ಟುಬರುತ್ತಾರೆ. ಕರೆ ಬಂದರೆ ಹೊಳೆವ್ವನೇ ಎತ್ತಿ, "ಈಶ್ವರ ಮಗ್ಗಕ್ಕ ಕುಂತಾನ, ಈಗ ಬರೂದಿಲ್ರಿ, ಸೀರಿ ಅರ್ಧಕ್ಕ ಐತಿ. ಏನ್ ಹೇಳೂದ್ ಐತಿ ನನಗ ಹೇಳ್ರಿ, ಬೈಯೂದಿದ್ರ ಸಣ್ಣಾಗಿ ಬೈರಿ, ಗಿರಾಕಿ ಅದಾರ" ಎಂದು ಎರಡೂ ಕಡೆಯ ವ್ಯವಹಾರ ಮುಗಿಸುತ್ತಾಳೆ, ತೀರಾ ಜರೂರಾದರೆ ಯಾರನ್ನಾದರೂ ಮನೆಗೆ ಕಳಿಸುತ್ತಾಳೆ.

ತಾವು ಆ ಬುಟ್ಟಿಯನ್ನು ನೋಡಿದಿರಿ. ಪರಿಣಾಮವಾಗಿ ಹತ್ತು ಜನ ಕೂತರೆ ಹನ್ನೊಂದನೆಯವನು ನಿಲ್ಲಬೇಕಾದ ಅಂಗಡಿ ತಮ್ಮ ಮೈಮೇಲೆ ಮಾಗಿದ ಟೊಮೆಟೊ ಹಣ್ಣಿನಂತೆ ಕೆಂಪಾಯಿತು. ನಮ್ಮ ಇಡೀ ಓಣಿ ಬೆಳ್ಳಗಾಗಿ 'ವಸತಿ ಇಲ್ಲ' ಎಂಬ ಗೌರವಕ್ಕೆ ಪಾತ್ರವಾಯಿತು. ಬರುವ ತಿಂಗಳು ಓಣಿಯ ನಲ್ಲಿ ಕಿತ್ತು ಹೊಳೆವ್ವನ ಅಂಗಡಿಯ ಮುಂದೆ ನೆಡುತ್ತಾರೆಂದು ತೀರ್ಮಾನವಾಗಿದೆ. ನಡುವೆ ಇರುವುದು ಕಬ್ಬಿನ ಟ್ರ್ಯಾಕ್ಟರುಗಳ ರಸ್ತೆ, ಎರಡೆರಡು ಡಬ್ಬಿ ಎಳೆಯುತ್ತ ಗಗನಕ್ಕೆ ಕೇಳುವಂತೆ ಹಾಡು ಹಾಕಿಕೊಂಡು ಬರುವ ಅವುಗಳಿಗೆ ತುಂಬಿದ ಕೊಡ ಹೊತ್ತ ಹೆಂಗಸು ಕಾಣುವುದೂ ಇಲ್ಲ, ಕೇಳುವುದೂ ಇಲ್ಲ.

ಹೊಳೆವ್ವನೇ ಎದ್ದು ಇದೆಲ್ಲ ತಪ್ಪು ಅಂದರೆ ಮುಗಿಯುತ್ತಿತ್ತು ಎಂದು ನಾನು ಬೆಳಿಗ್ಗೆ ಹೋಗಿ ಕೇಳಿಕೊಂಡೆ. ಆಕೆ ಗ್ಲಾಸು ತೊಳೆಯುತ್ತ, "ಹುಟ್ಟಿದಾಗಿಂದ ಒಬ್ಬಾಕಿನ ಇದ್ನಿರಿ ಕಾಕಾ, ಈಗ ಒಂದ್ ಊರ ಆಗೇನಿ. ನಾ ಯಾಕ ಸುಳ್ಳಂತ ಹೇಳ್ಲಿ?" ಎಂದಳು. ನಾನು ಚಹಾದ ದುಡ್ಡು ಕೊಟ್ಟು ಎದ್ದುಬಂದೆ.

ಆದ್ದರಿಂದ ತಮ್ಮಲ್ಲೇ ಕೆಲವು ವಿನಂತಿಗಳು. ನಮ್ಮನ್ನು ಆ ಕಡಲ ಶಹರದ ಅಳತೆಯಲ್ಲೇ ಅಳೆದಿರುವ ಕಾರಣ, ಆ ಕಡಲನ್ನೂ ದಯವಿಟ್ಟು ಜೊತೆಗೆ ಕಳಿಸಿಕೊಡಿ. ಬೀಳಗಿಯವರ ಬಳಿ ಕೃಷ್ಣೆಯ ಹಿನ್ನೀರು ಇದೆ, ನಡುವೆ ಜಾಗ ಮಾಡಿಕೊಡುತ್ತಾರೆ. ಮೀನು ಬೇಡ, ನಾವು ಜೈನರು, ಅಲೆಗಳಷ್ಟೇ ಸಾಕು. ಅಂಗಡಿಯಲ್ಲಿ ವಾಸವಿರುವ ಅಷ್ಟೂ ಜನಕ್ಕೆ ಕಾಲು ಚಾಚಲು ಹೊಳೆವ್ವನ ಬೆಂಚನ್ನು ಮುಧೋಳದವರೆಗೆ ಉದ್ದ ಮಾಡಿಸಿಕೊಡಿ. ಜನವಿಲ್ಲದ ನಮ್ಮ ಓಣಿಯಲ್ಲಿ ಸೀರೆಗಳು ತಾವೇ ನೇಯ್ದುಕೊಳ್ಳುತ್ತಿರುವ ಪವಾಡವನ್ನು ಮತ್ತು ನಾಯಿಗಳು ಯಾರನ್ನು ನೋಡಿ ಬೊಗಳುತ್ತಿವೆ ಎಂಬ ವಿಷಯವನ್ನು ತನಿಖೆಗೆ ಒಪ್ಪಿಸಿ.

ಇರಲಿ, ನಗೆ ಸಾಕು. ಓಣಿಯಲ್ಲಿ ನನ್ನ ಮನೆಯಲ್ಲಿ ಮಾತ್ರ ಮಗ್ಗ ಇಲ್ಲ. ನನ್ನಾಕೆ ತ್ರಿಶಲಾ ತೀರಿಕೊಂಡ ಮೇಲೆ ಬೇರೆ ಸದ್ದೂ ಇಲ್ಲ. ಫೋನು ಬಂದರೆ ಬಚ್ಚಲಿನಲ್ಲಿದ್ದರೂ ಕೇಳುತ್ತದೆ. ಆದರೂ ನಾನು ದಿನಾ ಅದನ್ನು ಬುಟ್ಟಿಯಲ್ಲಿಟ್ಟು ಬರುತ್ತೇನೆ, ಕರೆ ಬಂದರೆ ಯಾರಾದರೂ ನನ್ನ ಹೆಸರು ಕೂಗುತ್ತ ಬಾಗಿಲ ತನಕ ಬರುತ್ತಾರಲ್ಲ, ಅದಕ್ಕೆ.

ಇನ್ನೊಂದು ಸಂಗತಿ ತಮ್ಮ ಯಾವ ಬಣ್ಣದಲ್ಲೂ ಬಿದ್ದಿಲ್ಲ. ನಮ್ಮ ಓಣಿಯ ಮಗ್ಗಗಳೆಲ್ಲ ಒಟ್ಟಿಗೆ ನಿಲ್ಲುವುದು ನಲ್ಲಿಗೆ ನೀರು ಬಂದಾಗ ಮಾತ್ರ. ಆ ಒಂದು ಗಳಿಗೆಯಲ್ಲಿ ಓಣಿಗೆ ಕಿವಿ ಬರುತ್ತದೆ. ಯಾರ ಸೊಸೆಗೆ ಎಷ್ಟನೆಯ ತಿಂಗಳು, ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆ, ಎಲ್ಲ ಅಲ್ಲೇ. ಪಕ್ಕದ ಮನೆಯ ಮಾಲಾ ನನ್ನ ಕೊಡವನ್ನು ತನ್ನ ಕೊಡದ ಹಿಂದೆ ಪಾಳಿಗೆ ಇಟ್ಟು, "ಕಾಕಾ, ಇವತ್ತೂ ಹೀರಿಕಾಯಿ ಹೊತ್ತಿಸೀರೇನ್ರಿ? ವಾಸನಿ ನಮ್ಮ ಮಗ್ಗದ ಮಟ ಬಂತು. ತಡೀರಿ, ನಮ್ಮ ಮನ್ಯಾಗ ಝುಣಕಾ ಐತಿ, ಕೊಡ್ತೇನಿ" ಎನ್ನುತ್ತಾಳೆ. ಏನು ಉಂಡೆ ಎಂದು ನನ್ನನ್ನು ಕೇಳುವವರು ಇಡೀ ದಿನದಲ್ಲಿ ಅವಳೊಬ್ಬಳೇ, ಅದೂ ನಲ್ಲಿ ಹರಿಯುವಷ್ಟು ಹೊತ್ತು. ರಸ್ತೆಯಾಚೆ ಟ್ರ್ಯಾಕ್ಟರಿನ ಹಾಡಿನ ನಡುವೆ ನೀರು ಸಿಗಬಹುದು, ಈ ಪ್ರಶ್ನೆ ಸಿಗುವುದಿಲ್ಲ. ಹೊಳೆವ್ವನಿಗೆ ಬೇಕಿದ್ದರೆ ಇನ್ನೊಂದು ನಲ್ಲಿ ಹಾಕಿ, ಆಕೆ ಊರಾಗಿಯೇ ಇರಲಿ, ನಮ್ಮ ತಕರಾರಿಲ್ಲ. ನಮ್ಮದನ್ನು ಮಾತ್ರ ಕೀಳಬೇಡಿ. ದಿಸ್ ಈಸ್ ಮೈ ಹಂಬಲ್ ಮತ್ತು ಓನ್ಲಿ ಪ್ರಾರ್ಥನೆ.

ಇನ್ನೂ ಬರೆಯುವುದಿತ್ತು, ಕಾಲೇಜಿನಲ್ಲಿ ಬಿಡಿಸಿದ ಕಾಂಟೂರ್ ಗೆರೆಗಳ ವಿಷಯ ಹಾಗೇ ಉಳಿಯಿತು. ಆದರೆ ಕಿಟಕಿಯ ಬೆಳಕು ಇಳಿಯುತ್ತಿದೆ, ಬರೆದ ಸಾಲು ನನಗೇ ಮಸುಕು. ಜೈನರ ನೇಮದಂತೆ ಹೊತ್ತು ಮುಳುಗಿದ ಮೇಲೆ ನಾನು ಉಣ್ಣುವವನಲ್ಲ, ಉಣ್ಣುವುದಾದರೆ ಈಗಲೇ ತಾಟು ಬಡಿಸಿಕೊಂಡು ಕೂಡಬೇಕು. ಅಷ್ಟರಲ್ಲಿ ಮಗ್ಗಗಳು ಒಂದೊಂದಾಗಿ ನಿಲ್ಲುತ್ತಿವೆ, "ಕಾಕಾ, ನೀರ ಬಂದ್ವ್ರೀ!" ಎಂದು ಮಾಲಾ ಕೂಗುತ್ತಿದ್ದಾಳೆ. ಊಟ ಇವತ್ತು ತಪ್ಪಿದರೆ ತಪ್ಪಲಿ.

ತಮ್ಮ ಬಿಳಿ ಜಾಗದ ನಿವಾಸಿಯೂ, ಆದರೂ ತಮ್ಮ ವಿಶ್ವಾಸಿಯೂ ಆದ
ಜಿನ್ನಪ್ಪ

ತಾ.ಕ.: ಖುದ್ದಾಗಿ ಬಂದು ನೋಡುವ ಮನಸ್ಸಾದರೆ ಉಜ್ವಲಾ ಅವರನ್ನೂ ಕರೆದುಕೊಂಡು ನೀರಿನ ಹೊತ್ತಿಗೇ ಬನ್ನಿ, ಬರುವಾಗ ತಲೆಗೊಂದು ಕೊಡ ತನ್ನಿ. ಬರಿಗೈಯಲ್ಲಿ ನಿಂತವರನ್ನು ನಮ್ಮ ಓಣಿಯ ಹೆಂಗಸರು ಮನುಷ್ಯರ ಲೆಕ್ಕಕ್ಕೆ ಹಿಡಿಯುವುದಿಲ್ಲ.