ನೂರು ಕಳೆಯುವ ಸೋದರಮಾವ

ಚನ್ನಪಟ್ಟಣದ ನಮ್ಮ ಸೋದರಮಾವನ ಕಣ್ಣಿಗೆ ಈ ಭೂಮಿಯ ಮೇಲೆ ಸರಿಯಾದ ತೂಕದ ಮನುಷ್ಯ ಒಬ್ಬನೂ ಬಿದ್ದಿಲ್ಲ. ಕನ್ನಡಿಯಲ್ಲಿ ಕೂಡ!

ಒಮ್ಮೆ ಮಂಡಿನೋವೆಂದು ಹೋದಾಗ ಡಾಕ್ಟರು, "ಎತ್ತರ ಎಷ್ಟು ಸೆಂಟಿಮೀಟರೋ ಅದರಲ್ಲಿ ನೂರು ಕಳೆಯಿರಿ. ಉಳಿದಷ್ಟು ಕೆ.ಜಿ. ಇದ್ದರೆ ಸಾಕು. ಹೆಂಗಸರಾದರೆ ಇನ್ನೊಂದೈದು ಕಳೆಯಿರಿ. ಇದು ಬರೀ ಅಂದಾಜು" ಎಂದಿದ್ದರು. ಮಾವ ಮಂಡಿಯನ್ನು ಮರೆತರು. ಡಾಕ್ಟರ ಕೊನೆಯ ಮಾತನ್ನೂ ಮರೆತರು. ದರ್ಜಿಯ ಟೇಪು ಜೇಬು ಸೇರಿತು, ತೂಕದ ಯಂತ್ರ ನಡುಮನೆಗೆ ಬಂತು.

ಆಮೇಲೆ ಬಂದವರಿಗೆಲ್ಲ ಮೊದಲು ಅಳತೆ, ಆಮೇಲೆ ಕಾಫಿ. ಅಕ್ಕೂರಿನಿಂದ ಬಂದ ರೇಷ್ಮೆ ಬೆಳೆಯುವ ಗೆಳೆಯನನ್ನು ಅಳೆದು ತೂಗಿ, "ಲೇ, ಹದಿನಾಲ್ಕು ಕೆ.ಜಿ. ಜಾಸ್ತಿ ಇದ್ದೀಯ ಕಣ್ಲಾ" ಎಂದರು.

"ಇರ್ಲಿ ಬುಡ್ಲಾ. ನಾನೇನು ನಿನ್ ತಲೆ ಮ್ಯಾಲೆ ಕುಂತಿದ್ದೀನಾ?"

"ಒಂದು ದಾರಿ ಐತೆ. ಹದಿನಾಲ್ಕು ಸೆಂಟಿಮೀಟರು ಉದ್ದ ಆಗ್ಬುಡು."

ನನ್ನ ತಂಗಿಯನ್ನು ನೋಡಲು ಕನಕಪುರದಿಂದ ಗಂಡಿನ ಕಡೆಯವರು ಬಂದ ದಿನ ಟೇಪನ್ನು ಬಚ್ಚಿಟ್ಟೆವು. ಏನು ಪ್ರಯೋಜನ? ಮಾವ ಕಣ್ಣಳತೆಯಲ್ಲೇ ಲೆಕ್ಕ ಮುಗಿಸಿ, ಹುಡುಗನ ತಾಯಿಯ ತಟ್ಟೆಯಿಂದ ಮೈಸೂರುಪಾಕನ್ನು ಮೆಲ್ಲಗೆ ಎತ್ತಿಟ್ಟರು. ಮದುವೆಯೇನೋ ಆಯಿತು. ಬೀಗಿತ್ತಿ ಇವತ್ತಿಗೂ ನಮ್ಮ ಮನೆಯಲ್ಲಿ ಸಿಹಿ ಮುಟ್ಟುವುದಿಲ್ಲ.

ಹೋದ ವರ್ಷ ನಮ್ಮ ಅತ್ತೆಗೆ, ಅಂದರೆ ಮಾವನ ಹೆಂಡತಿಗೆ, ಹೊಟ್ಟೆಯ ಆಪರೇಷನ್ ಆಯಿತು. ಈಗ ಚೆನ್ನಾಗಿದ್ದಾರೆ. ಆದರೆ ಆಸ್ಪತ್ರೆಯಿಂದ ಬಂದಾಗ ಸೀರೆಯೊಳಗೆ ಅವರನ್ನು ಹುಡುಕಬೇಕಿತ್ತು. ಊಟ ಸೇರುತ್ತಿರಲಿಲ್ಲ. ಒಂದು ಬೆಳಿಗ್ಗೆ ತಾವೇ ಯಂತ್ರದ ಮೇಲೆ ನಿಂತರು.

"ನಿಮ್ ಲೆಕ್ಕದಾಗೆ ನಾನು ಐವತ್ತು ಇರ್ಬೇಕಲ್ವಾ? ಮೂವತ್ತೆಂಟಕ್ಕೆ ಬಂದ್ಬುಟ್ಟೆ. ಇನ್ನು ಉಳಿಯಾಕಿಲ್ಲ ಅನ್ಸ್ತೈತೆ ಕಣ್ರೀ."

ಮಾವ ಜೇಬಿನಿಂದ ಟೇಪು ತೆಗೆದರು. ಅತ್ತೆಯನ್ನು ಹಿಮ್ಮಡಿಯಿಂದ ನೆತ್ತಿಯವರೆಗೆ ನಿಧಾನವಾಗಿ ಅಳೆದರು. ನೂರ ಐವತ್ತೈದು. ತುಟಿಯಲ್ಲೇ ಏನೋ ಕೂಡಿ ಕಳೆದರು.

"ಲೆಕ್ಕ ಬದಲಾಗೈತೆ ಕಣೇ. ಹೆಂಗಸ್ರಿಗೆ ಈಗ ನೂರ ಹದಿನೇಳು ಕಳೀಬೇಕಂತೆ. ನೀನು ಸರಿಯಾಗಿದ್ದೀಯ."

"ಯಾರು ಹೇಳಿದ್ದು?"

"ಡಾಕ್ಟ್ರು."

ಅತ್ತೆ ಅವರ ಮುಖವನ್ನೇ ನೋಡಿದರು. ಆಪರೇಷನ್ ಆದಮೇಲೆ ಮೊದಲ ಸಲ ನಕ್ಕರು.

"ನಿಮ್ಗೆ ಸುಳ್ಳು ಹೇಳಾಕೂ ಬರಾಕಿಲ್ಲ. ಹೋಗಿ, ಒಸಿ ಅನ್ನ ಕಲಸ್ಕೊಂಡ್ ಬನ್ನಿ."

ಅಡುಗೆಮನೆಗೆ ಹೋದ ಮಾವ ಎಷ್ಟು ಹೊತ್ತಾದರೂ ಬರಲಿಲ್ಲ. ಇಣುಕಿ ನೋಡಿದೆ. ಒಲೆಯ ಕಡೆ ಮುಖ ಮಾಡಿ ನಿಂತು, ಬೆಣ್ಣೆಯಂತಾಗಿದ್ದ ಅನ್ನವನ್ನು ಇನ್ನೂ ಕಲಸುತ್ತಲೇ ಇದ್ದರು. ಕಣ್ಣೊರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.