ಡಬ್ಬಿಯಲ್ಲಿ ಕೀಲಿ, ಬೀದಿಯಲ್ಲಿ ಅಳಿಯ

"ನನ್ನ ಕಾರು ಕದಿಯೋ ಕಳ್ಳ ಇನ್ನೂ ಹುಟ್ಟಿಲ್ಲ!" ಎಂದು ಕನ್ನಡಕದಂಗಡಿಯ ಯಜಮಾನರು ಬೆಳಗಿನ ಕಾಫಿಗೂ ಮುಂಚೆ ಘೋಷಿಸಿದರು.

ಕಾರು ಹೊಚ್ಚಹೊಸದು. ಕೀಲಿಕೈ ತೂರಿಸಿ ತಿರುಗಿಸುವ ಕಷ್ಟವೇ ಇಲ್ಲ. ಅದು ಜೇಬಿನಲ್ಲಿದ್ದರೆ ಸಾಕು, ಬಟನ್ ಒತ್ತಿದೊಡನೆ ಎಂಜಿನ್ ಎದ್ದು ಕೂರುತ್ತದೆ. ಆದರೆ ಹಿಂದಿನ ದಿನ ಅಂಗಡಿಗೆ ಬಂದ ಗಿರಾಕಿಯೊಬ್ಬರು ತಲೆಗೆ ಹುಳ ಬಿಟ್ಟುಹೋಗಿದ್ದರು. ಈ ಕೀಲಿಕೈ ಮನೆಯೊಳಗೂ ಸುಮ್ಮನಿರುವುದಿಲ್ಲವಂತೆ, ಸದಾ ಪಿಸುಗುಡುತ್ತಿರುತ್ತದಂತೆ! ಕಳ್ಳನೊಬ್ಬ ಬಾಗಿಲ ಬಳಿ ಪೆಟ್ಟಿಗೆ ಹಿಡಿದು ಆ ಪಿಸುಮಾತನ್ನು ಹಿಡಿಯುತ್ತಾನೆ, ಇನ್ನೊಬ್ಬ ಅದನ್ನು ಕಾರಿನ ಕಿವಿಗೆ ಊದುತ್ತಾನೆ. ಯಜಮಾನರೇ ಬಂದರೆಂದುಕೊಂಡು ಪಾಪದ ಕಾರು ಕಳ್ಳರ ಜೊತೆ ಹೊರಟೇಬಿಡುತ್ತದೆ. ಲೋಹದ ಡಬ್ಬಿಯಲ್ಲಿಟ್ಟರೆ ಬಚಾವಂತೆ.

ಯಜಮಾನರಿಗೆ ಭಯಕ್ಕಿಂತ ಕುತೂಹಲವೇ ಹೆಚ್ಚಾಯಿತು. ಡಬ್ಬಿ ನಿಜವಾಗಿ ಅದರ ಬಾಯಿ ಮುಚ್ಚಿಸುತ್ತದೆಯೇ? ನೋಡದಿದ್ದರೆ ಅವರಿಗೆ ಊಟ ಸೇರದು.

ಹೆಂಡತಿಗೋ ಅವಸರ. ಕಣ್ಣಿಗೆ ಪೊರೆ ಬಂದ ಅವರ ತಾಯಿ ಬಸ್ಸಿನಲ್ಲಿ ಬರುತ್ತಿದ್ದರು. ನಿಲ್ದಾಣದಿಂದ ನೇರವಾಗಿ ಕಣ್ಣಿನ ಡಾಕ್ಟರ ಬಳಿ ಕರೆದೊಯ್ಯಬೇಕು. ಮಧ್ಯಾಹ್ನ ಡಾಕ್ಟರು ರಜೆಯ ಮೇಲೆ ಹೊರಟರೆ ಮತ್ತೆ ಸಿಗುವುದು ಮುಂದಿನ ತಿಂಗಳೇ.

"ಒಂದೇ ನಿಮಿಷ ಕಣೇ! ನೀನು ಸ್ಟಾರ್ಟ್ ಮಾಡು, ನಾನು ಕೀಲಿಕೈ ಒಳಗೆ ಒಯ್ದು ಡಬ್ಬೀಲಿ ಹಾಕ್ತೀನಿ. ಎಂಜಿನ್ ನಿಂತ್ರೆ ನಾನು ಗೆದ್ದೆ!"

"ನಿಮ್ಮ ಪ್ರಯೋಗಕ್ಕೆ ನಮ್ಮಮ್ಮನ ಕಣ್ಣೇ ಬೇಕಿತ್ತಾ?"

ಎಂಜಿನ್ ಗುರ್ರೆಂದಿತು. ಯಜಮಾನರು ಒಳಗೋಡಿ, ಮನೆಯಲ್ಲಿದ್ದ ಬದಲಿಯನ್ನೂ ಸೇರಿಸಿ ಎರಡೂ ಕೀಲಿಕೈಗಳನ್ನು ಸ್ಟೀಲ್ ಡಬ್ಬಿಗೆ ಹಾಕಿ, ಮುಚ್ಚಳದ ಮೇಲೆ ಮೊಣಕೈಯೂರಿ ಅದುಮಿದರು. ಹೊರಗೆ ಕಾರು ಕುಯ್ ಕುಯ್ ಎಂದಿತೇ ಹೊರತು ನಿಲ್ಲಲಿಲ್ಲ! "ಅರೆ, ಪಿಸುಮಾತು ಸೋರ್ತಾ ಇದೆಯಲ್ಲ!" ಎಂದು ಅವರು ಡಬ್ಬಿಗೆ ಕಿವಿಯಿಟ್ಟು ಕೂತರು. ಕುಯ್ ಕುಯ್ ಸೀಟ್ ಬೆಲ್ಟಿನದೆಂದುಕೊಂಡ ಹೆಂಡತಿ, "ಹೊತ್ತಾಯ್ತು, ನಾನ್ ಹೊರಟೆ" ಎಂದು ಹೊರಟೇಹೋದರು.

ಸ್ವಲ್ಪ ಹೊತ್ತಿಗೆ ಫೋನು.

"ರೀ, ನಿಲ್ದಾಣದಲ್ಲಿ ಎಂಜಿನ್ ಆರಿಸ್ದೆ. ಈಗ ಬಟನ್ ಒತ್ತಿದ್ರೆ ಕೀಲಿಕೈ ಎಲ್ಲಿ ಅಂತ ನನ್ನೇ ಕೇಳ್ತಿದೆ! ಬಾಗಿಲಿಗೆ ಬೀಗಾನೂ ಬೀಳ್ತಿಲ್ಲ!"

"ಹಾಗಾದ್ರೆ ಅಲ್ಲೀವರೆಗೂ ಕೀಲಿಕೈ ಇಲ್ದೇನೇ ಓಡ್ತಾ? ಎಷ್ಟು ಸ್ವಾರಸ್ಯ! ನಡುದಾರೀಲಿ ನಿಂತು ಅಪಾಯ ಆಗ್ಬಾರ್ದು ಅಂತಾನೇ ಹಾಗೆ ಮಾಡಿರ್ಬೇಕು ನೋಡು..."

"ರೀ!!"

ಕೀಲಿ ಮನೆಯಲ್ಲೇ ಉಳಿಯಿತು, ಕಾರು ಬರೀ ಕೈ ಕೊಟ್ಟಿತು! ಯಜಮಾನರು ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಪಕ್ಕದ ಮನೆಯ ಸೈಕಲ್ ಹತ್ತಿದರು.

ನಿಲ್ದಾಣದಲ್ಲಿ ಕಾರಿನ ಬಳಿ ಹೆಂಡತಿ ಇರಲಿಲ್ಲ. ಬೀಗ ಬೀಳದ ಗಾಡಿಯನ್ನು ನೋಡಿಕೊಳ್ಳಲು ಕಾವಲುಗಾರನಿಗೆ ಹೇಳಿ, ತಾಯಿಯನ್ನು ಬಸ್ಸಿನಿಂದ ಇಳಿಸಿಕೊಳ್ಳಲು ಹೋಗಿದ್ದರು. ಯಜಮಾನರು ಕಾರಿನೊಳಗೆ ಕೂತರು. ಡಬ್ಬಿ ತೆರೆಯಬೇಕಿತ್ತು, ನಿಜ. ಆದರೆ ಕುತೂಹಲ ಬಿಡಬೇಕಲ್ಲ! ಮುಚ್ಚಿದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಟನ್ ಒತ್ತಿದರು. ಕಾರು ಮಿಸುಕಲಿಲ್ಲ. ಮತ್ತೆ ಒತ್ತಿದರು. ಊಹೂಂ!

"ಕೆಲಸ ಮಾಡ್ತಿದೆ! ಡಬ್ಬಿ ಕೆಲಸ ಮಾಡ್ತಿದೆ!"

ಹಿಂದಿನಿಂದ ಯಾರೋ ಕೊರಳಪಟ್ಟಿಗೆ ಕೈ ಹಾಕಿ ಕಾರಿನಿಂದ ಹೊರಗೆಳೆದರು. ಕಾವಲುಗಾರ!

"ಮಾಡ್ತದೆ, ಮಾಡ್ತದೆ. ಪೆಟ್ಟಿಗೆ ಹಿಡ್ಕೊಂಡು ಗಾಡಿ ಕದಿಯೋಕೆ ಬಂದಿದ್ದೀಯಾ?"

"ಇದು ನನ್ನ ಗಾಡಿ ಕಣಯ್ಯಾ!"

"ಹಾಗಾದ್ರೆ ಕೀಲಿಕೈ ತೋರ್ಸು."

ಮೊಣಕೈಯೂರಿ ಅದುಮಿದ ಮುಚ್ಚಳ! ಎಳೆದರು, ಕಚ್ಚಿದರು, ಮುಖ ಕೆಂಪಗಾಯಿತು, ಡಬ್ಬಿ ಜಪ್ಪಯ್ಯ ಅನ್ನಲಿಲ್ಲ. ಅಷ್ಟರಲ್ಲಿ ತಾಯಿಯ ಕೈಹಿಡಿದು ಬಂದ ಹೆಂಡತಿ ಡಬ್ಬಿ ಕಿತ್ತುಕೊಂಡು ಗೋಡೆಯಂಚಿಗೆ ಕುಟ್ಟಿದರು. ಮುಚ್ಚಳ ಹಾರಿತು. ತಾಯಿಯನ್ನು ಕೂರಿಸಿ ಬಟನ್ ಒತ್ತಿದರೆ ಎಂಜಿನ್ ತಕ್ಷಣ ಎದ್ದಿತು. ಡಾಕ್ಟರು ಹೊರಡಲು ಇನ್ನೂ ಹೊತ್ತಿತ್ತು.

"ಅಮ್ಮಾವ್ರೇ, ಈ ಮನುಷ್ಯ ನಿಮ್ಮೋರಾ?" ಎಂದ ಕಾವಲುಗಾರ, ಹಿಡಿದ ಕೊರಳಪಟ್ಟಿ ಬಿಡದೆ.

ಹೆಂಡತಿ ತುಟಿ ಕಚ್ಚಿಕೊಂಡು ಕನ್ನಡಿ ಸರಿಮಾಡಿಕೊಳ್ಳತೊಡಗಿದರು.

"ಅತ್ತೇ, ನೀವಾದ್ರೂ ಹೇಳಿ! ನಾನು ನಿಮ್ಮ ಅಳಿಯ!"

ಅತ್ತೆ ಕಿಟಕಿಯಿಂದ ತಲೆ ಹೊರಹಾಕಿ, ಕಣ್ಣು ಕಿರಿದುಮಾಡಿ, ಡಬ್ಬಿಯ ಮುಚ್ಚಳ ಹಿಡಿದು ನಿಂತಿದ್ದವರನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

"ಎಲ್ಲಾ ಮಂಜುಮಂಜು ಕಣಪ್ಪ. ಆಪರೇಷನ್ ಆಗ್ಲಿ, ನೋಡಿ ಹೇಳ್ತೀನಿ. ಅಲ್ಲೀವರೆಗೂ ಹಿಡ್ಕೊಂಡಿರು."